ಮೂರು ಸಲ ಹೇಳಿದ್ದಳು

ಮಾರ್ಚ್ 4, ಮಂಗಳವಾರ

ಮೊಮ್ಮಗಳಿಗೆ ಇವತ್ತಿಗೆ ಹತ್ತೊಂಬತ್ತು ದಿನ. ಸಂಜೆ ನಾಲ್ಕಕ್ಕೆ ನನ್ನ ಹಳೆಯ ಗೆಳತಿಯರು ಮೂವರು ನೋಡಲು ಬಂದಿದ್ದರು. ಹೆರಿಗೆ ವಾರ್ಡಿನಲ್ಲಿ ನನ್ನ ಜೊತೆಗೇ ಸವೆದವರು. ನಾನು ನಿವೃತ್ತಳಾಗಿ ಆರು ವರ್ಷವಾದರೂ ಅವರ ಬಾಯಲ್ಲಿ ಇನ್ನೂ ‘ದೊಡ್ಡ ಸಿಸ್ಟರ್’. ಒಂದೂವರೆ ಗಂಟೆ ಕೂತರು. ಅಷ್ಟು ಹೊತ್ತೂ ಮಗು ಕಮಕ್ ಕಿಮಕ್ ಅನ್ನಲಿಲ್ಲ. ಮಡಿಲಿಂದ ಮಡಿಲಿಗೆ ದಾಟಿಸಿದರೂ ನಿದ್ದೆಯೇ ನಿದ್ದೆ.

“ಎಂಥಾ ಬಂಗಾರದಂಥ ಮಗು! ಅಳೋದೇ ಇಲ್ವಲ್ಲ” ಎಂದರು.

“ಯಾರ ಕೈಯಲ್ಲಿ ಬೆಳೀತಿದೆ ಅಂತ ನೋಡಿ” ಎಂದೆ.

ಸೊಸೆ ಮಾತ್ರ ಬಾಗಿಲಲ್ಲಿ ನಿಂತು, ಅವರ ಎದುರಿಗೇ, “ಅತ್ತೆ, ಹನ್ನೆರಡು ಗಂಟೆ ಮೇಲೆ ಸರಿಯಾಗಿ ಹಾಲು ಕುಡ್ದಿಲ್ಲ. ಎರಡು ನಿಮಿಷ ಚೀಪಿ ಬಿಟ್ಬಿಡ್ತಾಳೆ” ಎಂದಳು. ಕೈಯಲ್ಲಿ ಆ ಚಿಕ್ಕ ನೋಟ್‌ಬುಕ್ಕು. ಅವಳು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆದಿಡುವುದೇ ಕೆಲಸ. ಈಗ ರಜೆಯಲ್ಲಿ ಮಗುವಿನದನ್ನು ಬರೆಯುತ್ತಿದ್ದಾಳೆ.

“ಇದು ಮಗು ಕಣೆ, ಐದೂ ನಲವತ್ತರ ಬಸ್ಸಲ್ಲ. ಹತ್ತು ನಿಮಿಷ ಲೇಟಾದ್ರೆ ಮೆಮೋ ಕೊಡ್ತೀಯಾ?” ಎಂದೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಗುವಾಗ ಗೇಟಿನ ಹತ್ತಿರ ನೆನೆಸಿಕೊಂಡು ಇನ್ನೊಮ್ಮೆ ನಕ್ಕರು.

ಆರೂವರೆಗೆ ಸೊಸೆ ಮತ್ತೆ ಬಂದಳು, ಮಗುವಿನ ಮೈ ತಣ್ಣಗಿದೆಯಂತೆ. ಮುಟ್ಟಿ ನೋಡಿ ಇನ್ನೊಂದು ಬಟ್ಟೆ ಸುತ್ತಿದೆ. ಎಂಟಕ್ಕೆ ಮೂರನೇ ಸಲ. ಡಾಕ್ಟರ ಹತ್ತಿರ ಹೋಗಿ ಬರೋಣವೇ ಎಂದಳು. ಮೊದಲ ಹೆರಿಗೆಯವರೆಲ್ಲ ಹೀಗೆಯೇ. ಮೂವತ್ತೊಂದು ವರ್ಷದಲ್ಲಿ ಇಂಥ ಗಾಬರಿ ಎಷ್ಟು ಕಂಡಿಲ್ಲ ನಾನು! “ನಿದ್ದೆಗೆಟ್ಟು ತಲೆ ಕೆಟ್ಟಿದೆ ನಿನಗೆ, ಹೋಗಿ ಮಲಗು” ಎಂದು ಕಳಿಸಿದೆ.

ಮಾರ್ಚ್ 5, ಬುಧವಾರ

ಆಸ್ಪತ್ರೆಯಲ್ಲಿದ್ದೇವೆ. ಬರೆಯಲು ಕೈ ಏಳುತ್ತಿಲ್ಲ.

ಮಾರ್ಚ್ 6, ಗುರುವಾರ

ಬರೆಯದಿದ್ದರೆ ಇನ್ನೂ ಕಷ್ಟ. ಆದದ್ದನ್ನು ಆದಂತೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಏಳಕ್ಕೆ ಸೊಸೆ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಸುಮ್ಮನೆ ನನ್ನ ಕೈಗಿಟ್ಟಳು. ಪ್ರತಿ ಉಸಿರಿಗೂ ಸಣ್ಣ ನರಳಾಟ. ತುಟಿಯ ಸುತ್ತ ಬೂದಿ ಬಣ್ಣ. ಕಾಲು ಎತ್ತಿದರೆ ಕಿರುಚುವುದು, ಬಿಟ್ಟರೆ ಸತ್ತಂತೆ ಬೀಳುವುದು. ಆ ನರಳಾಟ ಸೋಂಕು ಏರಿದ ಮಗುವಿನದೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಒಲೆಯ ಮೇಲಿದ್ದ ನೀರನ್ನೂ ಇಳಿಸದೆ ಓಡಿದೆವು. ಮಗ ಚಪ್ಪಲಿ ಹಾಕಿಕೊಳ್ಳದೆ ಬಂದ.

ನಾನು ದುಡಿದ ಆಸ್ಪತ್ರೆಯೇ. ಅದೇ ಮೆಟ್ಟಿಲು, ಎರಡನೆಯದರ ಅಂಚು ಇನ್ನೂ ಮುರಿದೇ ಇದೆ. ಮಕ್ಕಳ ಡಾಕ್ಟರು ಹೊಸಬಳು, ನನ್ನ ಮಗನಿಗಿಂತ ಚಿಕ್ಕವಳು. ಪಕ್ಕದಲ್ಲಿ ನಿಂತ ಇನ್‌ಚಾರ್ಜ್ ಸಿಸ್ಟರ್ ಮಾತ್ರ ನಮ್ಮ ಗುಬ್ಬಿ. ಗಿಡ್ಡಗೆ ಪುಟ್ಟಗೆ ಇದ್ದಳೆಂದು ನಾನೇ ಇಟ್ಟ ಹೆಸರು. ಸೂಜಿ ಹಿಡಿಯುವುದನ್ನು ಅವಳಿಗೆ ಕಲಿಸಿದವಳು ನಾನು. ನನ್ನನ್ನು ಕಂಡದ್ದೇ ಮೇಡಂ ಎಂದು ನೆಟ್ಟಗೆ ನಿಂತಳು.

ಡಾಕ್ಟರು ಮಗುವಿನ ಬಟ್ಟೆ ಬಿಚ್ಚುತ್ತ ಕೇಳಿದಳು: “ಹಾಲು ಬಿಟ್ಟಿದ್ದು ಯಾವಾಗಿಂದ?”

ಸೊಸೆ ಚೀಲದೊಳಗೆ ಕೈ ಹಾಕಿ ನೋಟ್‌ಬುಕ್ಕು ಹುಡುಕುತ್ತಿದ್ದಳು. ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ನಾನು ಹೇಳಿಬಿಟ್ಟೆ. “ಇವತ್ತು ಬೆಳಿಗ್ಗೆಯಿಂದ. ನಿನ್ನೆಯೆಲ್ಲ ಚೆನ್ನಾಗೇ ಇತ್ತು.”

ಡಾಕ್ಟರು ಹಾಗೆಯೇ ಬರೆದುಕೊಂಡಳು. ಸೊಸೆ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಚೀಲದ ಜಿಪ್ಪು ಎಳೆದುಕೊಂಡಳು.

ಯಾಕೆ ಹೇಳಿದೆ? ಗುಬ್ಬಿ ಎದುರಿಗೆ ನಿಂತಿದ್ದಳು. ಅದಕ್ಕೇ. ಬೇರೆ ಕಾರಣ ಹುಡುಕಿ ನೋಡಿದೆ, ಸಿಗಲಿಲ್ಲ.

ಪರೀಕ್ಷೆಗೆಂದು ಮಗುವಿನ ಬೆನ್ನಿನಿಂದ ನೀರು ತೆಗೆದಿದ್ದಾರೆ. ರಕ್ತ ತೆಗೆದಿದ್ದಾರೆ. ಔಷಧಿ ಆಗಲೇ ಶುರು. ನಾನು ನಿಜ ಹೇಳಿದ್ದರೂ ಅದೇ ಔಷಧಿ, ಅದೇ ಹೊತ್ತಿಗೆ ಕೊಡುತ್ತಿದ್ದರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಮನಸ್ಸು ಕೇಳುತ್ತಿಲ್ಲ.

ಮಾರ್ಚ್ 8, ಶನಿವಾರ

ರೋಗದ ಹೆಸರು ಬಂತು. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಸೂಕ್ಷ್ಮಾಣು. ರಕ್ತದಲ್ಲೂ ಇದೆ, ಮೆದುಳಿನ ಪೊರೆಗೂ ಹೋಗಿದೆ. ಇಪ್ಪತ್ತೊಂದು ದಿನ ರಕ್ತನಾಳಕ್ಕೆ ಔಷಧಿ.

ಡಾಕ್ಟರು ಮೂವರನ್ನೂ ಕೂರಿಸಿ ಹೇಳಿದಳು: “ನಾಲ್ಕೈದು ಹೆಂಗಸರಲ್ಲಿ ಒಬ್ಬರ ಮೈಯಲ್ಲಿ ಇದು ಇರುತ್ತೆ. ಅವರಿಗೆ ಏನೂ ತೊಂದ್ರೆ ಮಾಡಲ್ಲ, ಇರೋದೇ ಗೊತ್ತಾಗಲ್ಲ. ಕೆಲವು ಸಲ ಹೆರಿಗೆ ಹೊತ್ತಲ್ಲಿ ಮಗೂಗೆ ಅಂಟುತ್ತೆ. ಹೀಗೆ ಎರಡು ಮೂರು ವಾರ ಕಳೆದ ಮೇಲೆ ಬಂದ್ರೆ ಎಲ್ಲಿಂದ ಬಂತು ಅಂತ ಹೇಳೋದೇ ಕಷ್ಟ. ತಾಯಿಯಿಂದ ಇರಬಹುದು, ಎತ್ತಿಕೊಂಡವರು ಯಾರಿಂದಾದ್ರೂ ಇರಬಹುದು.”

ಮಗನ ಕಿವಿಗೆ ಬಿದ್ದದ್ದು ‘ತಾಯಿಯಿಂದ’ ಎನ್ನುವ ಒಂದೇ ಮಾತು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಕೂದಲೆಳೆಯಷ್ಟು ವ್ಯತ್ಯಾಸವೂ ಅವನ ಕಣ್ಣಿಗೆ ಬೀಳುತ್ತದೆ. ಎದುರಿಗಿದ್ದ ಹೆಂಡತಿಯ ಮುಖ ಕಣ್ಣಿಗೆ ಬೀಳಲಿಲ್ಲ. ಹೊರಗೆ ಬೆಂಚಿನ ಮೇಲೆ ಅವಳಿಗೆ ಹೇಳಿದ: “ದಿನಾ ಗಂಟೆಗಂಟೆಗೂ ಬರೀತಿದ್ದೆಯಲ್ಲ, ಹಾಲು ಬಿಟ್ಟಿದ್ದು ನಿನಗೆ ಗೊತ್ತಾಗ್ಲಿಲ್ವಾ? ತಾಯಿ ತಾನೆ ನೀನು?”

ಅವಳು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಳುತ್ತಿದ್ದೆನೇನೋ. ಅವಳು ತನ್ನ ಉಗುರು ನೋಡುತ್ತ ಕೂತಳು. ನಾನು ಎದ್ದು ನೀರು ತರುವ ನೆಪದಲ್ಲಿ ಹೋದೆ. ಬಾಟಲಿ ತುಂಬಿಯೇ ಇತ್ತು.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಮಗುವಿಗೆ ಫಿಟ್ಸ್ ಬಂತು. ಎಡಗೈ ಅಷ್ಟೇ, ಸೈಕಲ್ ಹೊಡೆಯುವಂತೆ. ಔಷಧಿ ಕೊಟ್ಟರು, ನಿಂತಿತು.

ಸೊಸೆ ಗಾಜಿನಾಚೆ ನಿಂತು ಎಷ್ಟು ನಿಮಿಷ ಎಂದು ಬರೆದುಕೊಂಡಳು. ಮೂರು ನಿಮಿಷ, ಸ್ವಲ್ಪ ಕಡಿಮೆ.

ಮಾರ್ಚ್ 10, ಸೋಮವಾರ

ಗುಬ್ಬಿ ಕಾರಿಡಾರಿನಲ್ಲಿ ಹೊಸ ಹುಡುಗಿಯರಿಬ್ಬರಿಗೆ ಪಾಠ ಹೇಳುತ್ತಿದ್ದಳು. ನಾನು ದಾಟಿ ಹೋಗುವಾಗ ನಿಲ್ಲಿಸಿ, ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟಳು. “ಇವರೇ ಕಣ್ರೇ ದೊಡ್ಡ ಸಿಸ್ಟರ್. ನನಗೆ ಮೊದಲನೇ ದಿನ ಹೇಳ್ಕೊಟ್ಟ ಮಾತು ಇವತ್ತಿಗೂ ಮರೆತಿಲ್ಲ. ಅಳೋ ಮಗೂಗೆ ಹೆದರಬೇಡ, ಹಾಲು ಬಿಟ್ಟು ಮಲಗೋ ಮಗೂಗೆ ಹೆದರು ಅಂತ. ಅಲ್ವಾ ಮೇಡಂ?”

“ಹೂಂ” ಎಂದೆ.

ಆ ಹುಡುಗಿಯರು ಅದನ್ನು ಬರೆದುಕೊಂಡರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಬೇರೆಯವರನ್ನು ಆಡಿಕೊಂಡ ಬಾಯಿ ನನ್ನದು. ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ನಿಂತೆ. ಯಾರೋ ಬಾಗಿಲು ಬಡಿಯುವ ತನಕ ನಿಂತೇ ಇದ್ದೆ.

ಮಾರ್ಚ್ 11, ಮಂಗಳವಾರ

ಮನೆಗೆ ಬಟ್ಟೆ ತರಲು ಬಂದವಳು ಕಳೆದ ಮಂಗಳವಾರದ ಪುಟ ಓದಿದೆ. ಆ ಜೋಕನ್ನು ಎಷ್ಟು ಚಪ್ಪರಿಸಿ ಬರೆದಿದ್ದೇನೆ! ಗೇಟಿನ ಹತ್ತಿರ ಮತ್ತೊಮ್ಮೆ ನಕ್ಕರಂತೆ, ಅದನ್ನೂ ಬಿಟ್ಟಿಲ್ಲ. ಹರಿಯಬೇಕೆಂದು ಪುಟ ಹಿಡಿದೆ. ಹರಿದರೆ ಅದು ನನ್ನ ಎರಡನೇ ಸುಳ್ಳಾಗುತ್ತದೆ ಎನ್ನಿಸಿ ಬಿಟ್ಟೆ.

ಇನ್ನೊಂದು ನೆನಪು ಬೆನ್ನು ಹತ್ತಿದೆ. ಇಪ್ಪತ್ತು ವರ್ಷದ ಹಿಂದೆ ಇರಬೇಕು. ಮನೆಗೆ ಹೊರಟು ನಿಂತಿದ್ದ ಒಬ್ಬ ಹೆಂಗಸು ವಾರ್ಡಿನ ಬಾಗಿಲಿಂದ ಎರಡು ಸಲ ವಾಪಸ್ ಬಂದಳು. ಮಗು ಯಾಕೋ ಸರಿಯಿಲ್ಲ ಸಿಸ್ಟರ್, ಏನು ಅಂತ ಹೇಳಕ್ಕೆ ಬರ್ತಿಲ್ಲ ಎಂದಳು. “ಹೇಳಕ್ಕೆ ಬರದೇ ಇದ್ರೆ ಏನೂ ಇಲ್ಲ ಅಂತಲೇ ಅರ್ಥ” ಎಂದು ಕಳಿಸಿದ್ದೆ. ಆಗಲೂ ಪಕ್ಕದ ಮಂಚದವರು ನಕ್ಕಿದ್ದರು. ಆ ಮಗು ಏನಾಯಿತೋ ತಿಳಿಯದು. ತಿಳಿದುಕೊಳ್ಳಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ಮಾರ್ಚ್ 12, ಬುಧವಾರ

ಎದೆಹಾಲು ತೆಗೆಯುವ ಕೋಣೆ ಅಂದರೆ ಹಳೆಯ ಲಿನನ್ ರೂಮು. ಕಿಟಕಿಯಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ. ಸೊಸೆ ಮೂರು ಗಂಟೆಗೊಮ್ಮೆ ಅಲ್ಲಿ ಕೂತು ಹಾಲು ತೆಗೆದು ಬಾಟಲಿಯ ಮೇಲೆ ಹೊತ್ತು ಬರೆದು ಕೊಡುತ್ತಾಳೆ. ಮೂಗಿನ ನಳಿಕೆಯಿಂದ ಮಗುವಿಗೆ ಅಷ್ಟಷ್ಟೇ ಹಾಕುತ್ತಾರೆ. ಇವತ್ತು ಟವೆಲ್ ಕೊಡಲು ಹೋದೆ. ತಲೆ ಎತ್ತದೆ ಕೇಳಿದಳು:

“ಅತ್ತೆ, ನಾನು ಕೊಳಕಾಗಿದ್ದೆನಾ?”

“ಯಾರಂದ್ರು?”

“ಯಾರೂ ಅನ್ನಲಿಲ್ಲ. ಅವರು ಮೂರು ದಿನದಿಂದ ನನ್ನ ಲೋಟದಲ್ಲಿ ನೀರು ಕುಡೀತಿಲ್ಲ.”

ನಾನು ಪಾಠ ಒಪ್ಪಿಸಿದೆ. ಇದು ಕೊಳಕಿನಿಂದ ಬರುವುದಲ್ಲ, ಕೆಟ್ಟ ರೋಗವೂ ಅಲ್ಲ, ತೊಳೆದರೆ ಹೋಗುವುದೂ ಅಲ್ಲ, ಕರುಳಿನೊಳಗೆ ತನ್ನಷ್ಟಕ್ಕೆ ಇರುತ್ತದೆ, ನನ್ನಲ್ಲೂ ಇರಬಹುದು. ಎಲ್ಲ ನಿಜ. ಎಲ್ಲವನ್ನೂ ಹೇಳಿದೆ, ಹೇಳಬೇಕಾದ ಒಂದನ್ನು ಬಿಟ್ಟು.

“ಮತ್ತೆ ಮೊನ್ನೆ ಡಾಕ್ಟರ್ ಹತ್ರ ಬೆಳಿಗ್ಗೆಯಿಂದ ಅಂದ್ರಲ್ಲ” ಎಂದಳು. ಜಗಳದ ದನಿಯಲ್ಲ. “ನೀವು ಹಾಗಂದ್ರೆ ಏನೋ ಕಾರಣ ಇರುತ್ತೆ ಅಂದ್ಕೊಂಡೆ. ನಿಜ ಹೇಳಿದ್ರೆ ನಮ್ಮದೇ ತಪ್ಪು ಅಂತ ಮಗೂನ ಸೇರಿಸ್ಕೊಳ್ಳಲ್ವೇನೋ ಅಂತ. ನಿಮಗೆ ಆಸ್ಪತ್ರೆ ಗೊತ್ತು.”

ಭೂಮಿ ಬಾಯಿ ಬಿಡಬಾರದೆ ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ. ಆ ಸಿಮೆಂಟು ನೆಲವನ್ನು ನಾನು ನಿಜವಾಗಿ ನೋಡಿದೆ.

ಮಾರ್ಚ್ 13, ಗುರುವಾರ

ಹೇಳಿದೆ.

ಹನ್ನೊಂದಕ್ಕೆ ಡಾಕ್ಟರು ರೌಂಡ್ಸ್ ಮುಗಿಸಿ ಬಂದಾಗ ಮಗ, ಸೊಸೆ, ಗುಬ್ಬಿ ಎಲ್ಲರೂ ಇದ್ದರು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ತರಹ ಹೇಳುತ್ತೇನೆಂದು ನನಗೆ ಗೊತ್ತಿತ್ತು.

“ಡಾಕ್ಟ್ರೇ, ಆವತ್ತು ನಾನು ಸುಳ್ಳು ಹೇಳಿದೆ. ಮಗು ಹಾಲು ಬಿಟ್ಟಿದ್ದು ಹಿಂದಿನ ದಿನ ಮಧ್ಯಾಹ್ನ. ಇವಳು ನನಗೆ ಮೂರು ಸಲ ಹೇಳಿದ್ಲು. ನಾಲ್ಕಕ್ಕೆ, ಆರೂವರೆಗೆ, ಎಂಟಕ್ಕೆ. ಎಂಟಕ್ಕೆ ಇಲ್ಲಿಗೆ ಬರೋಣ ಅಂತಲೂ ಅಂದ್ಲು. ನಾನೇ ಬೇಡ ಅಂದೆ.”

ಇನ್ನೂ ಒಂದು ಬಾಕಿಯಿತ್ತು, ಅದನ್ನೂ ಹೇಳಿದೆ: “ಮನೆಗೆ ಬಂದಿದ್ದವರ ಎದುರಿಗೆ ಇವಳ ಮಾತನ್ನ ಜೋಕ್ ಮಾಡಿ ನಕ್ಕೆ.”

ಡಾಕ್ಟರು ಹಾಳೆ ತಿರುವಿ ಹಳೆಯದನ್ನು ಹೊಡೆದುಹಾಕಿ ಹೊಸದು ಬರೆದಳು. ಗದರಲಿಲ್ಲ. ಪರವಾಗಿಲ್ಲ ಅನ್ನಲೂ ಇಲ್ಲ.

“ಹಿಂದಿನ ಸಂಜೆಯೇ ಬಂದಿದ್ರೆ?” ಎಂದು ಮಗ ಕೇಳಿದ.

“ಬಂದಿದ್ರೆ ಒಳ್ಳೇದಿತ್ತು. ಈ ಕಾಯಿಲೆಯಲ್ಲಿ ಒಂದೊಂದು ಗಂಟೆಯೂ ಲೆಕ್ಕವೇ. ಆದ್ರೆ ಬಂದಿದ್ರೆ ಏನು ತಪ್ತಿತ್ತು, ಏನು ತಪ್ತಿರಲಿಲ್ಲ ಅಂತ ಯಾರೂ ಹೇಳಕ್ಕಾಗಲ್ಲ.” ಆಮೇಲೆ ಸೊಸೆಯ ಕಡೆ ತಿರುಗಿದಳು. “ನೀವು ಗಮನಿಸಿದ್ದು ಸರಿಯಾಗಿತ್ತು. ಆ ಪುಸ್ತಕ ಇದೆಯಾ? ಕೊಡಿ, ನೋಡ್ತೀನಿ.”

ಸೊಸೆ ಕೊಟ್ಟಳು. ಡಾಕ್ಟರು ನಿಂತಲ್ಲೇ ನಾಲ್ಕು ಪುಟ ಓದಿದಳು. ಗುಬ್ಬಿ ನನ್ನನ್ನು ನೋಡದೆ ಟ್ರೇಯಲ್ಲಿದ್ದ ಹತ್ತಿಯನ್ನು ಜೋಡಿಸಿದಳು, ಕೆದರಿದಳು, ಮತ್ತೆ ಜೋಡಿಸಿದಳು.

ಹೊರಗೆ ಬಂದ ಮೇಲೆ ಮಗ ಗೋಡೆಗೆ ಹಣೆ ಒತ್ತಿ ನಿಂತ. “ಅಮ್ಮಾ, ಇವಳಿಗೆ ನಾನು ಏನೆಲ್ಲಾ ಅಂದೆ. ನೀನು ಅಲ್ಲೇ ಕೂತಿದ್ದೆ.”

“ಕೂತಿದ್ದೆ” ಎಂದೆ.

ಅವನು ಹೆಂಡತಿಯ ಕೈ ಹಿಡಿಯಲು ಹೋದ. ಅವಳು ಕೊಸರಿಕೊಂಡಳು. “ನಿಮ್ಮದು ಆಮೇಲೆ” ಎಂದಳು ಅವನಿಗೆ. ನನಗೆ ಹೇಳಿದಳು, ಮೊದಲ ಸಲ ದನಿ ಎತ್ತಿ: “ಮೂರು ಸಲ ಹೇಳಿದೆ ಅತ್ತೆ! ಮೂರನೇ ಸಲ ಬರುವಾಗ ನನಗೆ ನಿಮ್ಮ ನಗುವಿನ ಭಯ ಮಗೂನ ಭಯಕ್ಕಿಂತ ಜಾಸ್ತಿ ಇತ್ತು. ಅದಕ್ಕೇ ನಾಲ್ಕನೇ ಸಲ ಬರಲಿಲ್ಲ. ಆ ರಾತ್ರಿ ಪೂರ್ತಿ ಬರಲಿಲ್ಲ. ಅದನ್ನ ನಾನು ಯಾರಿಗೆ ಹೇಳಲಿ?”

ಸಂಜೆ ನಾನು ಮನೆಗೆ ಹೊರಡುವಾಗ ಸೊಸೆ ಅಂದಳು: “ನಾಳೆಯಿಂದ ನೀವು ಬರಬೇಡಿ.”

ಮಾರ್ಚ್ 15, ಶನಿವಾರ

ಮನೆಯಲ್ಲಿದ್ದೇನೆ. ಬಟ್ಟೆ ಒಗೆದೆ. ಮಗ ಊಟದ ಡಬ್ಬಿ ಒಯ್ದ.

ಮಾರ್ಚ್ 18, ಮಂಗಳವಾರ

ಫಿಟ್ಸ್ ಮತ್ತೆ ಬಂದಿಲ್ಲವಂತೆ. ಜ್ವರ ಇಳಿದಿದೆಯಂತೆ. ಎಲ್ಲವೂ ‘ಅಂತೆ’. ಮೂವತ್ತೊಂದು ವರ್ಷ ನಾನು ಗಾಜಿನ ಒಳಗಿದ್ದು ಆಚೆಯವರಿಗೆ ಹೇಳುತ್ತಿದ್ದವಳು. ಆಚೆ ನಿಂತವರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ರೇಗುತ್ತಿದ್ದೆ. ಇವತ್ತು ಮಗನನ್ನು ಐದು ಸಲ ಕೇಳಿದೆ. ಅವನು ಐದು ಸಲವೂ ಹೇಳಿದ.

ಗೆಳತಿಯೊಬ್ಬಳು ಫೋನ್ ಮಾಡಿದ್ದಳು. “ಏನೋ ಕೇಳಿದೆವಲ್ಲ, ಇಷ್ಟು ಬೇಗ ಹೇಗಾಯ್ತು? ನಾವು ಬಂದ ದಿನ ಎಷ್ಟು ಚೆನ್ನಾಗಿತ್ತು ಮಗು!” ಎಂದಳು.

“ಚೆನ್ನಾಗಿರಲಿಲ್ಲ. ನಾವು ನಾಲ್ಕು ಜನ ನರ್ಸುಗಳು ಕೂತು ಚಹಾ ಕುಡಿದೆವು, ಒಬ್ಬಳು ಟೈಮ್‌ಕೀಪರ್‌ಗೆ ಗೊತ್ತಾಯ್ತು” ಎಂದೆ. ಆ ಕಡೆ ಅವಳು ಅತ್ತುಬಿಟ್ಟಳು.

ಮಾರ್ಚ್ 21, ಶುಕ್ರವಾರ

ಮಗು ನಳಿಕೆಯಿಲ್ಲದೆ ಎದೆಹಾಲು ಕುಡಿಯಿತಂತೆ. ಒಂಬತ್ತು ನಿಮಿಷ. ಮಗನ ಫೋನಿನಲ್ಲಿ ಸೊಸೆ ಕಳಿಸಿದ ಸಂದೇಶ ನೋಡಿದೆ: ‘ಒಂಬತ್ತು ನಿಮಿಷ. ಅತ್ತೆಗೂ ಹೇಳಿ.’

ಅತ್ತೆಗೂ ಹೇಳಿ.

ಮಾರ್ಚ್ 26, ಬುಧವಾರ

ಮಗು ಮನೆಗೆ ಬಂತು. ಮೂರು ವಾರದಲ್ಲಿ ಉದ್ದವಾಗಿದೆ. ಕೈಯಲ್ಲಿ, ಕಾಲಲ್ಲಿ, ತಲೆಯಲ್ಲಿ ಸೂಜಿಯ ಗುರುತು. ಸೊಸೆ ಕೋಣೆಗೆ ಹೋದಳು. ನಾನು ಹೊಸ್ತಿಲ ಈಚೆ ನಿಂತು ನೋಡಿದೆ. ಒಳಗೆ ಬನ್ನಿ ಎಂದು ಅವಳು ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಮಗ ಅಡುಗೆಮನೆಯಲ್ಲಿ ಹೆಂಡತಿಯ ಲೋಟದಲ್ಲೇ ನೀರು ಕುಡಿದ, ಅವಳಿಗೆ ಕಾಣುವ ಹಾಗೆ ನಿಂತುಕೊಂಡು. ಅವಳು ನೋಡಿ, “ಸಾಕು ನಾಟಕ, ಸ್ವಲ್ಪ ನನಗೂ ಉಳಿಸಿ” ಎಂದಳು. ಅಂತೂ ಬೈದಳಲ್ಲ ಎಂದು ಅವನಿಗೆ ಖುಷಿ.

ಏಪ್ರಿಲ್ 2, ಬುಧವಾರ

ಎರಡು ಮನೆ ಆಚೆಯ ಹುಡುಗಿ ತನ್ನ ಎರಡು ತಿಂಗಳ ಮಗುವನ್ನು ತಂದಳು. ಹೊಟ್ಟೆ ಉಬ್ಬರಿಸಿದೆ, ಏನಾದರೂ ಹೇಳಿ ಸಿಸ್ಟರಮ್ಮ ಎಂದಳು. ಮೊದಲಾದರೆ ಮಗುವನ್ನು ಕಿತ್ತುಕೊಂಡು ಮಗುಚಿ ಬೆನ್ನು ತಟ್ಟುತ್ತ ಅರ್ಧ ಗಂಟೆ ಭಾಷಣ ಕೊಡುತ್ತಿದ್ದೆ. ಇವತ್ತು ಅವಳನ್ನು ಕೂರಿಸಿ, ಎಂದಿನಿಂದ, ಹೇಗೆ, ನಿನಗೇನು ಅನ್ನಿಸುತ್ತದೆ ಎಂದು ಕೇಳಿದೆ. ಅವಳು ಹೇಳುತ್ತಾ ಹೋದಳು. ಒಂದು ಗಂಟೆ ಆಯಿತು. ನನಗೆ ವಯಸ್ಸಾಯಿತು, ಮೊದಲಿನ ಚುರುಕು ಇಲ್ಲ.

ಏಪ್ರಿಲ್ 16, ಬುಧವಾರ

ಕಿವಿಯ ಪರೀಕ್ಷೆ. ಮೆದುಳಿನ ಪೊರೆಯ ಸೋಂಕಿನ ನಂತರ ಮಾಡಲೇಬೇಕು. ಸೊಸೆ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತ, “ನೀವೂ ಬನ್ನಿ” ಎಂದಳು.

ನಿದ್ದೆ ಮಾಡುತ್ತಿದ್ದ ಮಗುವಿನ ತಲೆಗೆ ತಂತಿ ಅಂಟಿಸಿ ನೋಡಿದರು. ಎಡಗಿವಿ ಸರಿಯಿದೆ. ಬಲಗಿವಿ ಜೋರಾದ ಶಬ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಸರಿಹೋಗುವ ಸಂಭವ ಕಡಿಮೆ. ಯಂತ್ರ ಹಾಕಬಹುದು, ಮಾತು ಕಲಿಯುತ್ತಾಳೆ, ಬೆಳವಣಿಗೆಯನ್ನು ಎರಡು ವರ್ಷ ಗಮನಿಸುತ್ತಿರಬೇಕು ಎಂದರು.

ಮಗ ಅತ್ತ. ಸೊಸೆ ಅಳಲಿಲ್ಲ. ನಾನು ಅಳಬಾರದೆಂದು ತುಟಿ ಕಚ್ಚಿಕೊಂಡೆ. ನಾನು ಅತ್ತರೆ ಇವರು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ.

ವಾಪಸ್ ಬರುವಾಗ ಸೊಸೆ ಹೇಳಿದಳು, ಕಾರಿನ ಕಿಟಕಿಯಾಚೆ ನೋಡುತ್ತ: “ನಾನು ಮರೆಯಲ್ಲ ಅತ್ತೆ. ಮರೆತೆ ಅಂತ ಸುಳ್ಳು ಹೇಳಲ್ಲ.”

“ಬೇಡ” ಎಂದೆ.

“ಆದ್ರೆ ನೀವು ಹೀಗೆ ಕಳ್ಳರ ಹಾಗೆ ಹೊಸ್ತಿಲಲ್ಲಿ ನಿಲ್ಲೋದನ್ನ ಬಿಡಿ. ಕೆಲಸ ಬೇಕಾದಷ್ಟಿದೆ.”

ಏಪ್ರಿಲ್ 29, ಮಂಗಳವಾರ

ಇವತ್ತು ಸೊಸೆ ರಜೆ ಮುಂದುವರಿಸುವ ಅರ್ಜಿ ಕೊಡಲು ಡಿಪೋಗೆ ಹೋಗಬೇಕಿತ್ತು. ಮಗ ಅಂಗಡಿಯಲ್ಲಿ. ಮಗುವನ್ನು ನನ್ನ ಹತ್ತಿರ ಬಿಟ್ಟು ಹೊರಟಳು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ತೆಗೆದಿಟ್ಟ ಹಾಲು ಬಟ್ಟಲಿನಲ್ಲಿದೆ, ಹತ್ತೂವರೆಗೆ ಎದ್ದರೆ ಕೊಡಿ ಎಂದಳು. ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದಳು. ಅಷ್ಟೇ.

ಹತ್ತೂ ನಲವತ್ತಕ್ಕೆ ಚಮಚದಲ್ಲಿ ಕೊಟ್ಟೆ. ಅರ್ಧ ಕುಡಿದು ಮುಖ ತಿರುಗಿಸಿದಳು. ಮತ್ತೆ ಕೊಟ್ಟೆ, ಮತ್ತೆ ತಿರುಗಿಸಿದಳು. ಮೈ ಬೆಚ್ಚಗಿದೆ, ಉಸಿರು ಸರಿಯಿದೆ, ಬಣ್ಣ ಸರಿಯಿದೆ. ನನ್ನ ಕಣ್ಣಿಗೆ ಎಲ್ಲ ಸರಿಯಿತ್ತು. ನನ್ನ ಕಣ್ಣನ್ನು ನಾನು ನಂಬಲಿಲ್ಲ. ಫೋನ್ ಮಾಡಿದೆ.

“ಅರ್ಧ ಕುಡಿದು ಬಿಟ್ಟಿದ್ದಾಳೆ. ಬೇರೇನೂ ಇಲ್ಲ. ಆದ್ರೂ ಹೇಳಿದೆ.”

“ಬಂದೆ” ಎಂದಳು.

ಹದಿನೈದು ನಿಮಿಷವಾಗಿರಲಿಲ್ಲ, ಮನೆಯ ಗಾಜುಗಳೆಲ್ಲ ಗಡಗಡ ಅಲುಗಿದವು. ನೋಡಿದರೆ ನಮ್ಮ ಸಣ್ಣ ಬೀದಿಯ ತುಂಬ ಒಂದು ಖಾಲಿ ಬಸ್ಸು! ಡಿಪೋದಲ್ಲಿ ಹೊರಡಲು ನಿಂತಿದ್ದ ಬಸ್ಸನ್ನೇ ಹತ್ತಿ ಬಂದಿದ್ದಾಳೆ. ಬೀದಿಯವರೆಲ್ಲ ಗೇಟಿಗೆ ಬಂದು ನಿಂತರು. ಎದುರುಮನೆಯವರು ತಮ್ಮ ಸೈಕಲ್ ಎತ್ತಿಕೊಂಡು ಓಡಿದರು. ಸೊಸೆ ಚಪ್ಪಲಿಯಲ್ಲೇ ಒಳಗೆ ಬಂದಳು.

ಅಷ್ಟರಲ್ಲಿ ಈ ಮಹಾರಾಯಿತಿ ಉಳಿದರ್ಧವನ್ನೂ ಕುಡಿದು ಮುಗಿಸಿ, ನನ್ನ ಭುಜದ ಮೇಲೆ ತೇಗಿ, ಕಣ್ಣು ಬಿಟ್ಟು ಗೋಡೆ ನೋಡುತ್ತಿದ್ದಳು.

ನನಗೆ ತಲೆ ಎತ್ತಲಾಗಲಿಲ್ಲ. “ಸುಮ್ಮನೆ ಓಡಿಸಿದೆ ನಿನ್ನ. ಬಸ್ಸು ಬೇರೆ. ಡಿಪೋದವರು ಏನಂದುಕೊಂಡರೋ.”

ಸೊಸೆ ಮಗುವಿನ ಹಣೆ ಮುಟ್ಟಿದಳು, ಕಾಲು ಎತ್ತಿ ನೋಡಿದಳು, ಎಡಗಿವಿಯ ಹತ್ತಿರ ಬಾಗಿ ಏನೋ ಅಂದಳು. ಮಗು ತಿರುಗಿತು.

“ಓಡಿಸಿ ಅತ್ತೆ,” ಎಂದಳು. ಇನ್ನೂ ಏದುಸಿರು ಬಿಡುತ್ತಿದ್ದಳು. “ಯಾವಾಗ ಬೇಕಾದ್ರೂ ಓಡಿಸಿ.”

ಹೊರಗೆ ಡ್ರೈವರು ಹಾರ್ನ್ ಹೊಡೆದ. ಅರ್ಜಿಗೆ ಇನ್ನೂ ಸಹಿ ಹಾಕಿಸಿರಲಿಲ್ಲವಂತೆ. ಅವಳು ಒಂದು ಲೋಟ ನೀರು ಕುಡಿದು, ಮಗುವನ್ನು ಮತ್ತೆ ನನ್ನ ಕೈಗೆ ಕೊಟ್ಟು, ಬಸ್ಸು ಹತ್ತಿ ಹೋದಳು.